ಹುಲಿಯ ಸೀಮೆಯಲ್ಲಿ ಪುಣ್ಯಕೋಟಿ

ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಅಂತರಸಂತೆ ಕಾಡಿನಂಚಿನ ಊರು. ನಾಗರಹೊಳೆ ಅರಣ್ಯದ ಒಂದು ವಲಯಕ್ಕೆ ಇದರದೇ ಹೆಸರಿದೆ. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ಬಾರದಿದ್ದರೆ ಏನಾಗಿರಬಹುದೆಂದು ಇಲ್ಲಿನ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪೇಟೆಯ ಮಗುವಿಗೆ ‘ಗೋವಿನ ಹಾಡು’ ನೀತಿಕಥೆಯಾದರೆ ಈ ಸೀಮೆಯ ಮಗುವಿಗೆ ಅದು ನೆರೆಮನೆಯ ಸುದ್ದಿಯಂತೆ ಕೇಳಿಸುತ್ತದೆ.

ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳಿದ ಪುಣ್ಯಕೋಟಿಯಿಂದ ಕನ್ನಡದ ಮಕ್ಕಳು ಸತ್ಯದ ಪಾಠದ ಜೊತೆಗೆ ಭಾಷೆಯನ್ನೂ ಕಲಿಯುತ್ತ ಬಂದಿದ್ದಾರೆ. ಕರುವಿಗೆ ತಾಯಿ ಹೇಳುವ ಬುದ್ಧಿಮಾತು, ತಬ್ಬಲಿಯನ್ನು ನೋಡಿಕೊಳ್ಳಿರೆಂದು ಉಳಿದ ಹಸುಗಳಲ್ಲಿ ಮಾಡುವ ಮೊರೆ, ಇವುಗಳಿಂದ ಬೇಡುವ, ಬೀಳ್ಕೊಡುವ ನುಡಿಗಟ್ಟು ರಾಗದೊಡನೆ ನಾಲಗೆಗೆ ಇಳಿಯುತ್ತದೆ. ವ್ಯಾಕರಣ ಆಮೇಲೆ ಬಂದರೂ ಸಾಕು. ಹಸಿದ ಹುಲಿ ಸಾಯಲೇಬೇಕಿತ್ತೆ ಎಂದು ಕೇಳುವ ಮಗುವಂತೂ ಕಥೆಯನ್ನು ಮೇಷ್ಟ್ರಿಗಿಂತ ಚೆನ್ನಾಗಿ ಕೇಳಿದೆ.

ಹಾಡು, ಕಥೆ, ಆಟಗಳಿಂದ ಕಲಿಸುವ ‘ನಲಿ-ಕಲಿ’ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಇಲ್ಲಿನ ಶಿಕ್ಷಕರು ಕಲಿಕೆಯ ಕಾರ್ಡುಗಳನ್ನು ತಾವೇ ರೂಪಿಸಿದರು. ನಲಿ-ಕಲಿಯಲ್ಲಿ ಅ, ಆ, ಇ, ಈ ಎಂಬ ಹಳೆಯ ಸಾಲಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಅರಸ, ಅಗಸ, ಗರಗಸ ಸಿಗುತ್ತವೆ. ಅರಸನೂ ಅಗಸನೂ ಸಿಕ್ಕ ಮೇಲೆ ಕಥೆಗೆ ಇನ್ನೇನು ಬೇಕು! 2009-10ರಲ್ಲಿ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು.

ತೊಡಕಿರುವುದು ಬೇರೆ ಕಡೆ. ಸುತ್ತಲಿನ ಹಾಡಿಗಳಿಂದ ಬರುವ ಜೇನುಕುರುಬ ಮಕ್ಕಳ ಮನೆಮಾತು ಶಾಲೆಯ ಕನ್ನಡವಲ್ಲ. ಕನ್ನಡಕ್ಕೆ ಹತ್ತಿರವಾದರೂ ತನ್ನದೇ ಜಾಡಿನ ಆ ನುಡಿಗೆ ಲಿಪಿಯಿಲ್ಲ. ಹಿರಿಯರ ನೆನಪೇ ಅದರ ಪುಸ್ತಕ. ಯುನೆಸ್ಕೊ ಗುರುತಿಸಿದ ಅಪಾಯದಂಚಿನ ಭಾಷೆಗಳಲ್ಲಿ ಕುರುಬ ನುಡಿಯೂ ಸೇರಿದೆ. ಕಬಿನಿ ಜಲಾಶಯದ ಹಿನ್ನೀರು, ಬಳಿಕ 1972ರ ವನ್ಯಜೀವಿ ಕಾಯಿದೆಯಡಿ ನಡೆದ ತೆರವು, ಇವುಗಳಿಂದ ಅನೇಕ ಹಾಡಿಗಳು ಕಾಡಿನೊಳಗಿಂದ ಹೊರಗೆ ಬಂದವು. ಜೇನು, ಆನೆ, ಹುಲಿಗಳ ಕಥೆಗಳು ಜೊತೆಯಲ್ಲೇ ಬಂದವೇನೋ ಹೌದು. ಆದರೆ ಇದೇ ಆ ಮರ ಎಂದು ಮೊಮ್ಮಗುವಿಗೆ ಕೈತೋರಿಸಲು ಮರವಿಲ್ಲ.

ಶಾಲೆ ಆ ಮಗುವಿಗೆ ಪುಣ್ಯಕೋಟಿಯನ್ನು ಕೊಟ್ಟಿದೆ. ಮಗುವಿನ ಮನೆಯ ಕಥೆಯನ್ನು ಅದು ಇನ್ನೂ ಕೇಳಬೇಕಾಗಿದೆ. ಹಾಡಿಯ ಅಜ್ಜಿ ತನ್ನ ಮಾತಿನಲ್ಲೇ ಹೇಳಿದ್ದನ್ನು ಮಕ್ಕಳು ಕನ್ನಡದ ಲಿಪಿಯಲ್ಲಿ ಬರೆದುಕೊಂಡರೆ ಎರಡು ನುಡಿಗೂ ಕೆಲಸ ಸಿಕ್ಕಂತೆ. ಅದಕ್ಕೆ ಬೇಕಾದದ್ದು ಜಗಲಿಯ ಮೇಲೊಂದು ಚಾಪೆ, ಮತ್ತು ತನಗೆ ಪೂರಾ ತಿಳಿಯದ ಮಾತನ್ನು ಕೇಳುತ್ತ ಕೂರಬಲ್ಲ ಒಬ್ಬ ಮೇಷ್ಟ್ರು.