ಎಷ್ಟು ಬರೆದರು, ಯಾರು ನೆನೆದರು?

ಮೂಡಲಪಾಳ್ಯದ ಯಾವ ಔಷಧಿ ಅಂಗಡಿಗೆ ಹೋದರೂ ಓಆರ್‌ಎಸ್ ಪುಡಿಯ ಪೊಟ್ಟಣ ಸಿಗುತ್ತದೆ. ವಾಂತಿಭೇದಿಯಾದ ಮಗುವಿಗೆ ಅದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸುವುದು ನಿಮ್ಮ ಮನೆಯಲ್ಲೂ ಗೊತ್ತಿರುವ ಸಂಗತಿಯೇ. ಕಾಲರಾ ತಗುಲಿದ ಕರುಳು ನೀರನ್ನು ಹೊರಸೂಸುತ್ತಿರುವಾಗಲೂ ಗ್ಲೂಕೋಸ್ ಮತ್ತು ಉಪ್ಪನ್ನು ಒಟ್ಟಿಗೆ ಹೀರಿಕೊಳ್ಳಬಲ್ಲದು. ಅವುಗಳ ಬೆನ್ನಿಗೇ ನೀರೂ ಒಳಸೇರುತ್ತದೆ. ಕಾಲರಾ ರೋಗಾಣು ಕರುಳಿನ ಒಳಪದರವನ್ನು ಹರಿದುಹಾಕುವುದಿಲ್ಲ, ಒಂದು ವಿಷವಸ್ತುವಿನ ಮೂಲಕ ಅದರ ಕೆಲಸವನ್ನು ಕೆಡಿಸುತ್ತದೆ ಅಷ್ಟೆ. ಆ ವಿಷವಸ್ತು ಇದೆಯೆಂದು ಪ್ರಯೋಗದಿಂದ ತೋರಿಸಿದವರು ಶಂಭುನಾಥ ಡೇ. ಈ ಹೆಸರನ್ನು ಕೇಳಿದ್ದೀರಾ? ನಾನಂತೂ ಬಿ.ಎಸ್ಸಿ. ಮುಗಿಸುವವರೆಗೆ ಕೇಳಿರಲಿಲ್ಲ.

ನಮ್ಮ ಸಂದರ್ಶನ ಕಾರ್ಯಕ್ರಮಕ್ಕೆ ವೈದ್ಯ ವಿಜ್ಞಾನಿಗಳು ಬಂದಾಗ ಅವರ ಹೆಸರಿನ ಕೆಳಗೆ ಇಷ್ಟು ಪ್ರಬಂಧಗಳು, ಇಷ್ಟು ಸಾವಿರ ಉಲ್ಲೇಖಗಳು ಎಂದು ತೆರೆಯ ಮೇಲೆ ತೋರಿಸುತ್ತೇವೆ. ಹಾಗೆಂದರೇನು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ.

ಸಂಶೋಧಕರು ತಮ್ಮ ಫಲಿತಾಂಶವನ್ನು ಪ್ರಬಂಧವಾಗಿ ಬರೆದು ವಿಜ್ಞಾನ ನಿಯತಕಾಲಿಕಕ್ಕೆ ಕಳಿಸುತ್ತಾರೆ. ಅದೇ ವಿಷಯ ಬಲ್ಲ ಇತರರು ಓದಿ ಒಪ್ಪಿದ ಮೇಲೆ ಅಚ್ಚಾಗುತ್ತದೆ. ಮುಂದೆ ಬೇರೊಬ್ಬರು ತಮ್ಮ ಪ್ರಬಂಧದಲ್ಲಿ 'ಇದು ಇಂಥವರಿಂದ ತಿಳಿದದ್ದು' ಎಂದು ನಮೂದಿಸಿದರೆ ಅದೊಂದು ಉಲ್ಲೇಖ. ಈ ಉಲ್ಲೇಖಗಳನ್ನೆಲ್ಲ ಕಲೆಹಾಕಿ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಒಂದು ಸೂಚಿಯನ್ನೇ ಹೊರತಂದರು. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 'ಎಚ್ ಅಂಕ' ಎಂಬ ಅಳತೆಯನ್ನು ಸೂಚಿಸಿದರು. ಲೆಕ್ಕ ಸುಲಭ. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 5, 3, 1 ಉಲ್ಲೇಖಗಳಿವೆ ಎನ್ನಿ. ಮೂರು ಪ್ರಬಂಧಗಳಿಗೆ ಮೂರಕ್ಕೆ ಕಡಿಮೆಯಿಲ್ಲದಷ್ಟು ಉಲ್ಲೇಖಗಳಿವೆ, ಆದರೆ ನಾಲ್ಕು ಪ್ರಬಂಧಗಳಿಗೆ ನಾಲ್ಕರಷ್ಟಿಲ್ಲ. ಆದ್ದರಿಂದ ಎಚ್ ಅಂಕ 3. ಮೊದಲನೆಯದಕ್ಕೆ ನಲವತ್ತರ ಬದಲು ನಾಲ್ಕು ಸಾವಿರ ಉಲ್ಲೇಖಗಳಿದ್ದರೂ ಅಂಕ ಮೂರೇ! ಇಂಥ ಲೆಕ್ಕದಿಂದ ಹುದ್ದೆ, ಬಡ್ತಿಗಳನ್ನು ನಿರ್ಧರಿಸುವುದು ನನಗೆ ಸರಿಯೆನಿಸುವುದಿಲ್ಲ.

ಈಗ ಡೇ ಅವರ ಕಡತ ತೆರೆಯೋಣ. ರಾಬರ್ಟ್ ಕಾಖ್ 1884ರಲ್ಲೇ ಕಾಲರಾ ರೋಗಾಣುವನ್ನು ಗುರುತಿಸಿ, ಅದು ವಿಷವೊಂದನ್ನು ಸುರಿಸುತ್ತಿರಬೇಕೆಂದು ಊಹಿಸಿದ್ದರು. ಆ ವಿಷ ಯಾರ ಕೈಗೂ ಸಿಕ್ಕಿರಲಿಲ್ಲ. ಕಲ್ಕತ್ತೆಯಲ್ಲಿ ಡೇ ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವೆ ಕಾಲರಾ ರೋಗಾಣುಗಳನ್ನು ಚುಚ್ಚಿದರು. ಮರುದಿನದ ಹೊತ್ತಿಗೆ ಆ ಭಾಗ ನೀರು ತುಂಬಿ ಊದಿಕೊಂಡಿತ್ತು. ಈ ವಿಧಾನವನ್ನು 1953ರಲ್ಲಿ ಪ್ರಕಟಿಸಿದರು. 1956ರಲ್ಲಿ ಇ. ಕೋಲೈ ಬ್ಯಾಕ್ಟೀರಿಯದ ಮೇಲೆ ಇನ್ನೊಂದು ಪ್ರಬಂಧ ಬಂತು. ಬಳಿಕ, ಕಾಲರಾ ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ರೋಗಾಣುವೇ ಇಲ್ಲದಂತೆ ಮಾಡಿ ಚುಚ್ಚಿದರು. ಆಗಲೂ ಕರುಳು ಊದಿತು! ಅಂದಮೇಲೆ ವಿಷ ಆ ದ್ರವದಲ್ಲೇ ಇತ್ತು. ಡೇ ಒಬ್ಬರೇ ಬರೆದ ಈ ಪುಟ್ಟ ಪ್ರಬಂಧ 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು.

ಮೊದಲ ಕೆಲವು ವರ್ಷ ಅದರ ಕಡೆಗೆ ಹೆಚ್ಚು ಮಂದಿ ತಿರುಗಿ ನೋಡಲಿಲ್ಲ. 1969ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು; ಕಾಲರಾ ಸಂಶೋಧನೆಯ ದಾರಿಯೇ ಬದಲಾಯಿತು. ಡೇ 1973ರಲ್ಲಿ ನಿವೃತ್ತರಾದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನ ಕಾಲರಾ ಕುರಿತ ವಿಚಾರ ಸಂಕಿರಣಕ್ಕೆ ಅವರನ್ನು ಆಹ್ವಾನಿಸಿತು. ಆದರೆ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಿರಲಿಲ್ಲ. ಮೂರೇ ಹಿರಿಯ ಪ್ರಬಂಧಗಳನ್ನು ಲೋಕವೆಲ್ಲ ಎತ್ತಿ ಹೇಳಿದರೂ ಅವುಗಳಿಂದ ಸಿಗುವ ಎಚ್ ಅಂಕ ಮೂರೇ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ.

ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ಪ್ರೋಟೀನುಗಳ ನಕ್ಷೆ ಇಂದು ಪಠ್ಯಪುಸ್ತಕಗಳಲ್ಲೇ ಇದೆ. ಅವರು ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. 'ರಾಮಚಂದ್ರನ್ ನಕ್ಷೆ' ಎಂದು ಹೆಸರು ಹೇಳಿ, ಮೂಲ ಪ್ರಬಂಧವನ್ನು ನಮೂದಿಸದೆಯೇ ಮುಂದೆ ಹೋಗುವವರು ಅನೇಕರು. ಅಷ್ಟರಮಟ್ಟಿಗೆ ಅದು ಎಲ್ಲರ ಸೊತ್ತಾಗಿಬಿಟ್ಟಿದೆ. ಎಣಿಸುವ ಯಂತ್ರಕ್ಕೆ ಅದು ಕಾಣುವುದಿಲ್ಲ.

ಹಾಗೆಂದು ಎಣಿಕೆಯೇ ಬೇಡವೆನ್ನಲಾದೀತೆ? ಡೇ ಅವರ ಹೆಸರನ್ನು ಎತ್ತಿಹಿಡಿದವರಲ್ಲಿ ಎಣಿಕೆಯ ಗಾರ್‌ಫೀಲ್ಡರೇ ಒಬ್ಬರು. ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬ ಎಳೆಗಳನ್ನು ಹಿಡಿದು ಕಾಲರಾ ಸಂಶೋಧನೆಯ ನಕ್ಷೆ ಬಿಡಿಸಿದ ಅವರು, 1959ರ ಪ್ರಬಂಧ ಅದರಲ್ಲೊಂದು ಮೈಲಿಗಲ್ಲೆಂದು 1986ರಲ್ಲಿ ಬರೆದರು. 1932ರಿಂದ ಬೆಂಗಳೂರಿನಲ್ಲಿ ಪ್ರಕಟವಾಗುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಡೇ ಅವರಿಗಾಗಿಯೇ ವಿಶೇಷ ಸಂಚಿಕೆ ತಂದಿತು. ಮೂಡಲಪಾಳ್ಯದಿಂದ ಎರಡು ಬಸ್ಸು ಹಿಡಿದರೆ ಸದಾಶಿವನಗರದಲ್ಲಿ ಆ ಪತ್ರಿಕೆಯ ಕಚೇರಿ. ಆ ಸಂಚಿಕೆ ಹೊರಬಂದಾಗ ಡೇ ತೀರಿಕೊಂಡು ಐದು ವರ್ಷಗಳಾಗಿದ್ದವು.