ಮೊದಲು ಬೀಳುವುದನ್ನು ಕಲಿಯಲಿ

ಸಹೋದರಿಯರೇ, ನಿಮ್ಮ ಮಗಳನ್ನು ಆತ್ಮರಕ್ಷಣೆಯ ತರಗತಿಗೆ ಸೇರಿಸಿದ್ದೀರಿ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಬಳಿಕ "ಏನು ಕಲಿತೆ ಮಗಳೇ, ತೋರಿಸು" ಎಂದರೆ ಅವಳು ನೆಲದಲ್ಲಿ ಅಂಗಾತ ಮಲಗಿ, ಸೊಂಟವನ್ನು ಎಳೆದುಕೊಂಡು ಹಿಂದಕ್ಕೆ ಸರಿಯುತ್ತಾಳೆ. ಅಷ್ಟೇ! ನಿಮಗೆ ಹೇಗನಿಸೀತು?

ಅಬುಧಾಬಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗಂತೂ ಸಿಟ್ಟು ಬಂತು. "ತೆವಳುವುದನ್ನು ಇವಳು ಎಂಟನೇ ತಿಂಗಳಲ್ಲೇ ಕಲಿತಿದ್ದಳು. ಅದಕ್ಕೆ ಫೀಸು ಬೇರೆ ಕೊಡಬೇಕಾ? ಬಿಡಿಸಿಬಿಡುತ್ತೇನೆ" ಎಂದು ಫೋನಿನಲ್ಲಿ ಹೇಳಿದಳು. ಹುಡುಗಿ ಕಲಿಯುತ್ತಿದ್ದುದು ಬ್ರೆಜಿಲಿಯನ್ ಜಿಯು-ಜಿತ್ಸು. ಆ ಊರಿನಲ್ಲಿ ಅದು ಹೊಸತೇನಲ್ಲ. 2008ರಲ್ಲೇ ಅಲ್ಲಿನ ಶಾಲೆಗಳಿಗೆ ಅದು ಪ್ರವೇಶ ಪಡೆದಿತ್ತು. ಉಡುಪಿನೊಂದಿಗೆ ತಲೆಯನ್ನೂ ಮುಚ್ಚಿಕೊಂಡು ಸ್ಪರ್ಧಿಸುವ ಹುಡುಗಿಯರು ಅಲ್ಲಿ ಸಾಮಾನ್ಯ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಎಮಿರೇಟ್ಸ್‌ನ ಶಮ್ಮಾ ಅಲ್ ಕಲ್ಬಾನಿ 63 ಕಿಲೋ ವಿಭಾಗದ ಚಿನ್ನ ಗೆದ್ದರು.

ತಂಗಿಗೆ ನಾನು "ಬಿಡಿಸಬೇಡ" ಎಂದೆ. ಯಾಕೆ ಹಾಗೆಂದೆ ಎಂಬುದನ್ನು ನಿಮಗೂ ಹೇಳಬೇಕು.

ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರ ಪರಂಪರೆಯ ವಿದ್ಯೆಯನ್ನು ಗ್ರೇಸಿ ಮನೆತನದ ಸಹೋದರರು ಬೆಳೆಸಿದರು. ಅವರಲ್ಲಿ ಹೆಲಿಯೊ ಗ್ರೇಸಿ ಸಣಕಲು ದೇಹದವರು. ತೋಳ್ಬಲ ನಂಬುವಂತಿರಲಿಲ್ಲ. ಆದ್ದರಿಂದ ಕೆಳಗೆ ಬಿದ್ದವನು ಮೇಲಿರುವ ಬಲಶಾಲಿಯನ್ನು ಸನ್ನೆಗೋಲಿನಂತೆ ಹೇಗೆ ಎಬ್ಬಿಸಬಹುದು ಎಂಬ ಕಡೆಗೆ ಈ ವಿದ್ಯೆ ವಾಲಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಸ್ಪರ್ಧೆಯಲ್ಲಿ ಹೆಲಿಯೊರ ಮಗ ರಾಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿದಾಗ ಲೋಕ ಇತ್ತ ತಿರುಗಿ ನೋಡಿತು. (ಆ ಕಾದಾಟದ ಕ್ರೌರ್ಯ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು.)

ಈಗ ಆ 'ತೆವಳುವ' ಪಾಠಕ್ಕೆ ಬರೋಣ. ಅದಕ್ಕೆ ಶ್ರಿಂಪ್ ಎನ್ನುತ್ತಾರೆ, ನಮ್ಮ ಕರಾವಳಿಯವರ ಸಿಗಡಿ. ಮೈ ಸಿಗಡಿಯಂತೆ ಬಾಗುವುದರಿಂದ ಆ ಹೆಸರು. ಒಬ್ಬ ಭಾರದ ವ್ಯಕ್ತಿ ಕೆಡವಿ ಹೊಟ್ಟೆಯ ಮೇಲೆ ಕೂತಿದ್ದಾನೆ ಎಂದು ಊಹಿಸಿ. ಗಾಬರಿಯಲ್ಲಿ ನಾವು ಮಾಡುವುದೇನು? ಎರಡೂ ಕೈ ಚಾಚಿ ಅವನ ಎದೆಯನ್ನು ದೂಡುತ್ತೇವೆ. ಅವನ ಇಡೀ ಮೈಯ ತೂಕದ ಮುಂದೆ ನಮ್ಮ ತೋಳು ಎಷ್ಟು ಹೊತ್ತು ನಿಂತೀತು? ಮಾತ್ರವಲ್ಲ, ಚಾಚಿದ ಕೈಯನ್ನು ಹಿಡಿದು ತಿರುಚುವುದು ಅವನಿಗೆ ಸುಲಭ. ಕಲಿತ ಹುಡುಗಿ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಳ್ಳುತ್ತಾಳೆ. ಪಾದಗಳನ್ನು ನೆಲಕ್ಕೂರಿ ಸೊಂಟವನ್ನು ಒಮ್ಮೆಲೇ ಎತ್ತುತ್ತಾಳೆ. ಅವನು ಮುಂದಕ್ಕೆ ವಾಲಿದ ಆ ಒಂದು ಕ್ಷಣದಲ್ಲಿ ಪಕ್ಕಕ್ಕೆ ಹೊರಳಿ, ಮುಂಗೈಯನ್ನು ಅವನ ಸೊಂಟಕ್ಕೆ ಅಡ್ಡ ಕೊಟ್ಟು, ಕಾಲಿನಿಂದ ನೆಲವನ್ನು ಒದ್ದು ತನ್ನ ಸೊಂಟವನ್ನೇ ಹಿಂದಕ್ಕೆ ಸರಿಸುತ್ತಾಳೆ. ಗಮನಿಸಿ, ಅವನನ್ನು ದೂಡುವುದಿಲ್ಲ, ತಾನು ಸರಿಯುತ್ತಾಳೆ. ಆದ ಸಂದಿನಲ್ಲಿ ಮಂಡಿ ತೂರುತ್ತದೆ. ಅದನ್ನೇ ಮತ್ತೊಂದು ಬದಿಗೆ ಮಾಡಿದರೆ ಅವನಿಗೂ ಅವಳಿಗೂ ನಡುವೆ ಎರಡು ಕಾಲುಗಳ ತಡೆ ಬಂತು.

ಓದುವುದಕ್ಕೆ ಅರ್ಧ ನಿಮಿಷ. ಆದರೆ ಉಸಿರು ಕಟ್ಟಿದಾಗ ಯೋಚಿಸಲು ಅಷ್ಟು ಸಮಯ ಯಾರಿಗಿದೆ? ಮೈಗೆ ಬಾಯಿಪಾಠವಾಗಿದ್ದರೆ ಮಾತ್ರ ಅದು ಒದಗುತ್ತದೆ. ಮದ್ರಸದಲ್ಲಿ ಅಲಿಫ್, ಬಾ ಕಲಿಯುವ ಮಗುವಿಗೆ ನಾವು ಒಂದೇ ಅಕ್ಷರವನ್ನು ಎಷ್ಟು ಸಲ ಹೇಳಿಸುತ್ತೇವೆ! ಆಗ ಯಾವ ತಾಯಿಯೂ ಫೀಸಿನ ಲೆಕ್ಕ ಹೇಳುವುದಿಲ್ಲ.

ಇದು ಹೊಸಬರಿಗೆ ಮಾತ್ರ ಎಂದೂ ಭಾವಿಸಬೇಡಿ. ಅದೇ ಮನೆತನದ ರೋಜರ್ ಗ್ರೇಸಿ ಬ್ಲ್ಯಾಕ್ ಬೆಲ್ಟ್‌ನಲ್ಲಿ ಹತ್ತು ವಿಶ್ವ ಪ್ರಶಸ್ತಿ ಗೆದ್ದವರು. ಅವರ ಹೆಸರಾಂತ ಪಟ್ಟು ಯಾವುದು ಗೊತ್ತೇ? ಎದುರಾಳಿಯ ಮೇಲೆ ಕೂತು, ಅವನ ಕಾಲರನ್ನು ಕೈಗಳನ್ನು ಕತ್ತರಿ ಮಾಡಿ ಬಿಗಿಯುವುದು. ಬಿಳಿ ಬೆಲ್ಟಿನವರಿಗೂ ಕಲಿಸುವ ಪಾಠ ಅದು. ಬರುತ್ತದೆಂದು ತಿಳಿದಿದ್ದರೂ ತಡೆಯಲಾಗದೆ ಅವರ ಎದುರಾಳಿಗಳು ಸೋತರು.

ಬೇಸಿಗೆ ರಜೆಯಲ್ಲಿ ಒಂದು ದಿನದ ಶಿಬಿರ ನಡೆಸಿ ಇಪ್ಪತ್ತು ಪಟ್ಟು ತೋರಿಸಿ ಸರ್ಟಿಫಿಕೇಟು ಕೊಡುವುದನ್ನು ನೋಡಿದಾಗ ನನಗೆ ಭಯವಾಗುತ್ತದೆ. ಇಪ್ಪತ್ತರಲ್ಲಿ ಒಂದೂ ಮೈಗೆ ಹತ್ತಿರುವುದಿಲ್ಲ, ಧೈರ್ಯ ಮಾತ್ರ ಹತ್ತಿರುತ್ತದೆ. ತರಗತಿ ಹುಡುಕುವಾಗ ಮಹಿಳಾ ತರಬೇತುದಾರರು ಇದ್ದಾರೆಯೇ, ಜೊತೆಗೆ ಅಭ್ಯಾಸ ಮಾಡುವವರು ಹುಡುಗಿಯರೇ ಎಂದು ಮೊದಲು ಕೇಳಿ. ಗಾಯವಾಗದಂತೆ ಬೀಳುವುದನ್ನು, ನೋವಾದಾಗ ಅಂಗೈಯಿಂದ ತಟ್ಟಿ 'ಸೋತೆ' ಎಂದು ತಿಳಿಸುವುದನ್ನು ಮೊದಲು ಕಲಿಸುತ್ತಾರೆಯೇ ನೋಡಿ. ತಟ್ಟಿದ ಕೂಡಲೇ ಎದುರಿನವರು ಬಿಡಲೇಬೇಕು. ಈ ಶಿಸ್ತಿಲ್ಲದ ಕಡೆ ಮಗುವನ್ನು ಬಿಡಬೇಡಿ. ಇಷ್ಟು ಕಲಿತರೂ ಚೂರಿ ಹಿಡಿದವನ ಮುಂದೆ, ನಾಲ್ಕಾರು ಮಂದಿಯ ಮುಂದೆ ಕೂಗಿ ಓಡುವುದೇ ಸರಿ ಎಂಬುದನ್ನೂ ಮಗಳಿಗೆ ಹೇಳಿಕೊಡಿ.

ಕಳೆದ ರಜೆಯಲ್ಲಿ ತಂಗಿಯ ಸಂಸಾರ ಊರಿಗೆ ಬಂದಿತ್ತು. ಹನ್ನೊಂದರ ಆ ಹುಡುಗಿಯನ್ನು ಅವಳ ಅಣ್ಣ ಚಾಪೆಯ ಮೇಲೆ ಕೆಡವಿ ಮೇಲೆ ಕೂತು, "ಏಳು ನೋಡುವಾ" ಎಂದು ನಗುತ್ತಿದ್ದ. ಅವಳು ಮಾತಾಡಲಿಲ್ಲ. ಸೊಂಟ ಎತ್ತಿದಳು, ಹೊರಳಿದಳು, ಸರಿದಳು. ಮಂಡಿ ಒಳಗೆ ಬಂತು. ಅಣ್ಣನ ನಗು ನಿಂತಿತು. ತಂಗಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನೋಡುತ್ತಿದ್ದಳು.

"ಇನ್ನೊಂದು ಬದಿಗೆ ಮಾಡು ಮಗಳೇ" ಎಂದಳು.