ಪೊಟ್ಟಣದ ಮೇಲೆ ಮನೆಯ ಮಾತು

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಮನೆಯಲ್ಲಿಯೇ ಮಾಡಿ ಮಾರುವ ನಮ್ಮ ಸೋದರಿಯರು ಮುಂಬಯಿಯ ಉಪನಗರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ನೆರೆಮನೆಯವರಿಗೆ ಮಾರುವಷ್ಟು ಕಾಲ ಅವರಿಗೆ ಪರಿಚಯದ ಮಾತು ಬೇಕಾಗುವುದಿಲ್ಲ. ಪೊಟ್ಟಣವು ಗುರುತಿಲ್ಲದವರ ಕೈಸೇರುವ ದಿನ ಬಂದಿತೆಂದರೆ, ‘ನಾವು ಯಾರು’ ಎಂದು ನಾಲ್ಕು ಸಾಲು ಬರೆಯಬೇಕಾಗುತ್ತದೆ. ಅದರಲ್ಲಿ ಮನೆಯ ಮಾತು ಎಷ್ಟಿರಬೇಕು? ಬರೆಯಲು ಕುಳಿತವರಿಗೇ ಅದರ ಕಷ್ಟ ಗೊತ್ತು.

ನಮ್ಮ ಹಿರಿಯರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ರೈಲು ನಿಲ್ದಾಣದ ಬಳಿ ತೆರೆದ ಊಟದ ಮನೆಗೆ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂದು ಹೆಸರಿಟ್ಟರು. ಊರಿನ ಹೆಸರು, ದೇವರ ಹೆಸರು. ಗಿರಾಕಿಗೆ ಅಷ್ಟು ಸಾಕಾಗಿತ್ತು. ಮದರಾಸಿನಲ್ಲಿ 1938ರಲ್ಲಿ ಕೆ. ಕೃಷ್ಣರಾಯರು ತೆರೆದ ವುಡ್‌ಲ್ಯಾಂಡ್ಸ್ ಹೋಟೆಲಿಗಂತೂ ಅದು ನಡೆಯುತ್ತಿದ್ದ ಬಂಗಲೆಯ ಹೆಸರೇ ಬಂದಿತು. ಇಂದು ಉಡುಪಿ ಎಂಬ ಹೆಸರು ಯಾರ ಬೋರ್ಡಿನ ಮೇಲಾದರೂ ಕಾಣುತ್ತದೆ. ಊರಿನ ಹೆಸರೊಂದೇ ಹೊಣೆ ಹೊರುವ ಕಾಲ ಹೋಯಿತು.

ಡೊಂಬಿವಲಿಯಲ್ಲಿ ನಮಗೆ ಬೇಕಾದ ಕುಟುಂಬವೊಂದಿದೆ. ಧಾರವಾಡದ ಕಡೆಯ ಆ ತಾಯಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಮಗನು ಉತ್ಸಾಹದಿಂದ ಪರಿಚಯ ಬರೆದನು. ತಂದೆ ತೀರಿಕೊಂಡದ್ದು, ಸಾಲ ಉಳಿದದ್ದು, ತಾಯಿ ಬಳೆ ಒತ್ತೆಯಿಟ್ಟು ಒಲೆ ಹೊತ್ತಿಸಿದ್ದು, ತಂಗಿಯ ಮದುವೆ ಮುಂದೆ ಹೋದದ್ದು, ಎಲ್ಲವೂ ಅದರಲ್ಲಿದ್ದವು. ಓದಿದವರ ಕಣ್ಣು ತೇವವಾಗುವ ಹಾಗೆಯೇ ಬರೆದಿದ್ದನು. ತಾಯಿ ಓದಿ, “ಯಾಕಪಾ, ಚಟ್ನಿ ಜೋಡಿ ನನ್ನ ದುಃಖಾನೂ ಮಾರಾಕ ಇಟ್ಟೀಯೇನು?” ಎಂದರು.

“ಹಂಗಲ್ಲವ್ವಾ, ‘ಗುಣಮಟ್ಟವೇ ನಮ್ಮ ಧ್ಯೇಯ’ ಅಂತ ಎಲ್ಲಾರೂ ಬರೀತಾರ. ನಾವು ಯಾರಂತ ಗೊತ್ತಾಗದಿದ್ರ ಯಾರು ತಗೋತಾರ?” ಎಂದು ಮಗ.

ಅವನ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಕನಿಕರದಿಂದ ಕೊಂಡವನು ಒಮ್ಮೆ ಕೊಳ್ಳುತ್ತಾನೆ. ಎರಡನೆಯ ಸಲ ಅವನನ್ನು ಕರೆತರಬೇಕಾದದ್ದು ನಾಲಗೆ. ಅಲ್ಲದೆ, ಅಚ್ಚಾದ ದುಃಖದ ಬಗ್ಗೆ ಯಾರು ಬೇಕಾದರೂ ವಿಚಾರಿಸಬಹುದು. ಅರ್ಧ ಕಿಲೋ ಪುಡಿ ಕೇಳಲು ಫೋನು ಮಾಡಿದ ಅಪರಿಚಿತರೆಲ್ಲರಿಂದ ಆ ತಾಯಿ ಸಮಾಧಾನದ ಮಾತು ಕೇಳಬೇಕಾಗುತ್ತಿತ್ತು. ತಂಗಿಯನ್ನಂತೂ ಯಾರೂ ಒಂದು ಮಾತು ಕೇಳಿರಲಿಲ್ಲ!

ಲಿಜ್ಜತ್ ಹಪ್ಪಳದ ಕಥೆ ಮುಂಬಯಿಯಲ್ಲಿ ಕೇಳದವರು ಕಡಿಮೆ. 1959ರಲ್ಲಿ ಗಿರಗಾಂವದ ತಾರಸಿಯೊಂದರ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದ ಉದ್ಯೋಗವದು. ಏಳು ಮಂದಿ, 80 ರೂಪಾಯಿ ಎಂದೊಡನೆ ನಮಗೆ ಎಲ್ಲ ತಿಳಿಯುತ್ತದೆ. ಆ ಏಳು ಮನೆಗಳ ಒಳಗೆ ಏನು ನಡೆದಿತ್ತೆಂದು ಕೇಳಬೇಕೆನಿಸುವುದಿಲ್ಲ.

ಇನ್ನೊಂದು ಮಾತು. ಪೊಟ್ಟಣ ಕಟ್ಟಿ ಮಾರುವ ತಿನಿಸಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕೆಂದು ಆಹಾರ ಸುರಕ್ಷತೆಯ ಕಾನೂನೇ ಹೇಳುತ್ತದೆ. ಮನೆಯೇ ಕಾರಖಾನೆಯಾದಾಗ ಮನೆಯ ಬಾಗಿಲಿನ ಸಂಖ್ಯೆಯೂ ಊರಿಗೆಲ್ಲ ತಿಳಿಯುತ್ತದೆ. ಅದರ ಜೊತೆಗೆ ಮೊಮ್ಮಕ್ಕಳ ಶಾಲೆಯನ್ನೂ, ಹಗಲಿಡೀ ತಾಯಿ ಒಬ್ಬರೇ ಇರುವುದನ್ನೂ ಬರೆಯುವುದು ಜಾಣತನವಲ್ಲ.

ಕೊನೆಗೆ ತಾಯಿಯೇ ಹೇಳಿ ಬರೆಸಿದರು: “ಮೆಣಸಿನಕಾಯಿ ಬ್ಯಾಡಗಿಯದು. ಕೆಂಪು ಕಂಡು ಹೆದರಬೇಡಿರಿ, ಖಾರ ಕಡಿಮೆ. ಶೇಂಗಾ ಹುರಿದು, ಒರಳಿನಲ್ಲಿ ಕುಟ್ಟಿ, ನಾನೇ ಮಾಡುತ್ತೇನೆ. ಅತ್ತೆಯವರು ಕಲಿಸಿದ್ದು. ಕೆಟ್ಟಿದ್ದರೆ ತಿಳಿಸಿರಿ, ಬೇರೆ ಕೊಡುತ್ತೇನೆ.” ಕೆಳಗೆ ಅವರ ಪೂರ್ಣ ಹೆಸರು. (ಕುಟ್ಟುವ ಸದ್ದಿಗೆ ಕೆಳಗಿನ ಮನೆಯವರು ಗೊಣಗುವುದನ್ನು ಬರೆಸಲಿಲ್ಲ!) ಬ್ಯಾಡಗಿಯ ಹೆಸರು ಹಾಕಿದ ಮೇಲೆ ಅಲ್ಲಿಯದನ್ನೇ ತರಿಸಬೇಕು, 2011ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ ಅದು. ಮುಂಬಯಿಯ ಗಿರಾಕಿ ಪೊಟ್ಟಣ ಹಿಡಿದು ಮೊದಲು ಕೇಳುವುದೂ ಖಾರದ ಮಾತನ್ನೇ.

ಇಷ್ಟಾದ ಮೇಲೆ ತಾವೇ ಲೇಖನಿ ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದರು: “ನಮ್ಮ ಯಜಮಾನರಿಗೆ ಇದು ಬಹಳ ಸೇರುತ್ತಿತ್ತು.” ಮಗನು ಅದನ್ನು ಬೆಳೆಸಲು ಹೊರಟಾಗ ಒಪ್ಪಲಿಲ್ಲ.

ಭಾವಚಿತ್ರದ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮಗನು ತಾಯಿಯ ಮುಖ ಬೇಕೆನ್ನುತ್ತಾನೆ. ತಾಯಿ, ಒರಳಿನ ಚಿತ್ರ ಸಾಕೆನ್ನುತ್ತಾರೆ.